160 ಎಲ್ಲಿಂದ ಬಂತು, 70 ಏಕಾಯಿತು?

ಮೊಬೈಲಿನಲ್ಲಿ ಎಸ್‌ಎಂಎಸ್ ಬರೆಯತೊಡಗಿದರೆ ಹಲವು ಫೋನುಗಳ ಮೂಲೆಯಲ್ಲಿ ಒಂದು ಅಂಕೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಅದು 160ರಿಂದ ಒಂದೊಂದೇ ಇಳಿಯುತ್ತದೆ. ನಡುವೆ ಒಂದೇ ಒಂದು ಕನ್ನಡ ಅಕ್ಷರ ಒತ್ತಿ ನೋಡಿ. ಇಡೀ ಸಂದೇಶದ ಮಿತಿಯೇ ತಟ್ಟನೆ 70ಕ್ಕೆ ಇಳಿಯುತ್ತದೆ. ಫೋನು ಕೆಟ್ಟಿತೆಂದು ಗಾಬರಿಯಾಗುವ ಮಕ್ಕಳಿದ್ದಾರೆ. ಕೆಟ್ಟಿರುವುದಿಲ್ಲ.

ಯುರೋಪಿನ ಹೊಸ ಡಿಜಿಟಲ್ ಮೊಬೈಲ್ ವ್ಯವಸ್ಥೆಯಾದ ಜಿಎಸ್‌ಎಂ ರೂಪುಗೊಳ್ಳುತ್ತಿದ್ದ ಕಾಲ, 1985. ಮಾತಿನ ಹೊರತಾದ ಸೇವೆಗಳ ಹೊಣೆ ಹೊತ್ತಿದ್ದ ಫ್ರೀಡ್‌ಹೆಲ್ಮ್ ಹಿಲೆಬ್ರಾಂಡ್ ಜರ್ಮನಿಯ ಬಾನ್ ನಗರದಲ್ಲಿ ಟೈಪ್‌ರೈಟರ್ ಮುಂದೆ ಕುಳಿತು ತೋಚಿದ ವಾಕ್ಯಗಳನ್ನು ಹೊಡೆದು, ಅಕ್ಷರ ಎಣಿಸಿದರು. ಹೆಚ್ಚಿನವು 160ರೊಳಗೇ ಮುಗಿದವು. ಪೋಸ್ಟ್‌ಕಾರ್ಡಿನ ಬರಹವೂ ಟೆಲೆಕ್ಸ್ ಸಂದೇಶಗಳೂ ಹೆಚ್ಚುಕಡಿಮೆ ಅಷ್ಟೇ ಉದ್ದದವು ಎಂಬುದು ಅವರಿಗೆ ಧೈರ್ಯ ಕೊಟ್ಟಿತು.

ಇಷ್ಟು ಜಿಪುಣತನ ಏಕೆ? ನಾವು ಮಾತಾಡದಿದ್ದಾಗಲೂ ಮೊಬೈಲು ಗೋಪುರದೊಡನೆ ಚಿಕ್ಕ ಚಿಕ್ಕ ಸಂಕೇತಗಳನ್ನು ವಿನಿಮಯ ಮಾಡಿಕೊಳ್ಳುತ್ತದೆ. ತಾನು ಎಲ್ಲಿದ್ದೇನೆಂದು ತಿಳಿಸಲು, ಕರೆ ಬಂದರೆ ಅರಿಯಲು ಅದು ಬೇಕು. ಆ ಸಂಕೇತಗಳ ದಾರಿ ಬಹಳ ಹೊತ್ತು ಬಿಡುವಾಗಿರುತ್ತದೆ. ಹೇಗೂ ಹೊರಟ ಬಸ್ಸಿನಲ್ಲಿ ಟಪಾಲು ಚೀಲವನ್ನೂ ಹಾಕಿ ಕಳಿಸಿದಂತೆ, ಅದೇ ದಾರಿಯಲ್ಲಿ ಸಂದೇಶವನ್ನೂ ಕಳಿಸುವುದೆಂದಾಯಿತು. ಚೀಲ ಮಾತ್ರ ಚಿಕ್ಕದು: 140 ಬೈಟ್, ಅಂದರೆ 1120 ಬಿಟ್. ಒಂದು ಅಕ್ಷರಕ್ಕೆ 7 ಬಿಟ್ ಕೊಟ್ಟರೆ 160 ಅಕ್ಷರ ಹಿಡಿಯುತ್ತವೆ. ಭಾಗಿಸಿ ನೋಡಿ.

ಮೊದಲ ಸಂದೇಶ ಹೊರಟಿದ್ದು 1992ರ ಡಿಸೆಂಬರ್ 3ರಂದು, ಬ್ರಿಟನ್ನಿನಲ್ಲಿ. ಎಂಜಿನಿಯರ್ ನೀಲ್ ಪ್ಯಾಪ್‌ವರ್ತ್ ಕಂಪ್ಯೂಟರಿನಿಂದ 'ಮೆರ‍್ರಿ ಕ್ರಿಸ್‌ಮಸ್' ಎಂದು ಕಳಿಸಿದರು. ವೋಡಾಫೋನಿನ ರಿಚರ್ಡ್ ಜಾರ್ವಿಸ್ ಅವರ ಫೋನಿಗೆ ಅದು ತಲುಪಿತು. ಮರು ಉತ್ತರ ಬರೆಯುವ ಸೌಲಭ್ಯ ಆ ಫೋನಿನಲ್ಲಿರಲಿಲ್ಲ!

ಇನ್ನು ನಮ್ಮ 70ರ ಕಥೆ. 7 ಬಿಟ್‌ಗಳಿಂದ 128 ಬಗೆಯ ಜೋಡಣೆ ಮಾತ್ರ ಸಾಧ್ಯ. ಆ ಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳು, ಅಂಕೆಗಳು, ಯುರೋಪಿನ ಕೆಲವು ವಿಶೇಷ ಅಕ್ಷರಗಳು, ಗ್ರೀಕಿನ ಹತ್ತು ದೊಡ್ಡಕ್ಷರಗಳು ಸಹ ಜಾಗ ಹಿಡಿದವು. ಕನ್ನಡಕ್ಕೆ ಸ್ಥಾನವಿರಲಿಲ್ಲ. ಯುರೋಪಿನವರು ಯುರೋಪಿಗೆಂದು ಮಾಡಿಕೊಂಡ ಪಟ್ಟಿ ಅದು. ಆದ್ದರಿಂದ ಕನ್ನಡ ಬರೆಯಲು ಪ್ರತಿ ಸಂಕೇತಕ್ಕೂ 16 ಬಿಟ್ ಬೇಕಾಯಿತು. 1120ನ್ನು 16ರಿಂದ ಭಾಗಿಸಿದರೆ 70.

ಅದೂ ನಾವು ಎಣಿಸುವ ಅಕ್ಷರಗಳಲ್ಲ. 'ವಿದ್ಯಾರ್ಥಿ' ಕಣ್ಣಿಗೆ ಮೂರೇ ಅಕ್ಷರ. ಫೋನಿಗೆ ವ್ಯಂಜನ, ಗುಣಿತದ ಚಿಹ್ನೆ, ಒತ್ತಕ್ಷರದಲ್ಲಿ ಅಡಗಿದ ಅರ್ಧಾಕ್ಷರದ ಚಿಹ್ನೆ ಎಲ್ಲವೂ ಬೇರೆ ಬೇರೆ: ಒಟ್ಟು ಹತ್ತು ಸಂಕೇತ, 160 ಬಿಟ್. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಒಂಬತ್ತು ಅಕ್ಷರ, 63 ಬಿಟ್. ಮಕ್ಕಳು ಮನೆಗೆ ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯತೊಡಗಿದ್ದನ್ನು ಬರೀ ಷೋಕಿ ಎಂದು ಬೈದ ಹಿರಿಯರು ಈ ಲೆಕ್ಕವನ್ನೂ ನೋಡಬೇಕಿತ್ತು. ಕನ್ನಡ ಲಿಪಿಯೇ ಮೂಡದ ಫೋನುಗಳೂ ಆಗ ಬೇಕಾದಷ್ಟಿದ್ದವು.

ಜಿಎಸ್‌ಎಂ ನಿಯಮಾವಳಿಗೆ ಮುಂದೆ ಕನ್ನಡದ 7 ಬಿಟ್ ಪಟ್ಟಿಯೂ ಸೇರಿತು. ಆದರೆ ಕಳಿಸುವ, ಪಡೆಯುವ ಎರಡು ಫೋನುಗಳಿಗೂ ಅದು ತಿಳಿದಿರಬೇಕು. ಇಲ್ಲದಿದ್ದರೆ ಹಳೆಯ 70ರ ಲೆಕ್ಕವೇ. ಬರಹ 70 ದಾಟಿದರೆ ಸಂದೇಶ ತುಂಡಾಗುತ್ತದೆ. ತುಣುಕುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬ ಸೂಚನೆಗೆ ಮೂರು ಸ್ಥಾನ ಹೋಗಿ, ಪ್ರತಿ ತುಣುಕಿನಲ್ಲಿ ಬರೆಯಲು ಉಳಿಯುವುದು 67.