ಮೊಳೆ ಹೊಡೆದವನ ಹೆಸರೆಲ್ಲಿ?

ಬೆಂಗಳೂರು, ಮುಂಬೈ, ದಿಲ್ಲಿಯ ಪುಟ್ಟ ಗ್ಯಾಲರಿಗಳಲ್ಲಿ ಸಮೂಹ ಪ್ರದರ್ಶನಗಳ ಸುಗ್ಗಿ. ಕ್ಯುರೇಟರ್ ಒಬ್ಬರು ವಿಷಯ ಕೊಡ್ತಾರೆ: ಮಣ್ಣು, ಶ್ರಮ, ವಲಸೆ, ದೇಹ. ಕಲಾವಿದರು ತಲಾ ಒಂದೆರಡು ಕೃತಿ ತರ್ತಾರೆ. ಬಾಗಿಲಲ್ಲಿ ಇಂಗ್ಲಿಷ್ ಟಿಪ್ಪಣಿ, ಒಳಗೆ ಬೆಲೆಪಟ್ಟಿ. ಮಾರಾಟವಾದರೆ ಗ್ಯಾಲರಿಯ ಪಾಲು ಎಷ್ಟೋ ಕಡೆ ಅರ್ಧ.

ಶ್ರಮ ನಿಮಗೆ ವಿಷಯ, ನಮಗೆ ಬದುಕು. ಚರ್ಮ ಹದ ಮಾಡಿದ ತಪ್ಪಿಗೆ ನಮ್ಮಪ್ಪಂದಿರನ್ನು ಊರಾಚೆ ಇಟ್ಟಿರಿ. ಅದೇ ಚರ್ಮ ನಿಮ್ಮ ಗೋಡೆ ಹತ್ತಿದ ಕೂಡಲೇ 'ಮಿಶ್ರ ಮಾಧ್ಯಮ' ಆಗೋದು ಹೇಗೆ ಸ್ವಾಮಿ?

ಜನರನ್ನು ಗ್ಯಾಲರಿಗೆ ತಂದದ್ದು ಇವತ್ತಿನ ಮಾತಲ್ಲ. 1981ರಲ್ಲಿ ಆರು ಮಂದಿ ಕಲಾವಿದರು ಮುಂಬೈನ ಜಹಾಂಗೀರ್ ಗ್ಯಾಲರಿಯಲ್ಲಿ 'ಪ್ಲೇಸ್ ಫಾರ್ ಪೀಪಲ್' ಪ್ರದರ್ಶನ ಮಾಡಿದರು. ಸುತ್ತಲಿನ ಮನುಷ್ಯರು ಚಿತ್ರದೊಳಗೆ ಬಂದರು. ಒಳ್ಳೇದೇ. ಆದರೆ ಚಿತ್ರದಲ್ಲಿ ಜಾಗ ಸಿಕ್ಕರೆ ಸಾಲದು. ವಿಷಯ ಆರಿಸುವ ಕುರ್ಚಿಯಲ್ಲೂ ನಮಗೆ ಜಾಗ ಬೇಕು. ನಾಗಪುರದ ದಲಿತ ಕಲಾವಿದ ಸವಿ ಸಾವರ್ಕರ್ ಕೊರಳಿಗೆ ಮಡಕೆ, ಬೆನ್ನಿಗೆ ಪೊರಕೆ ಕಟ್ಟಿಸಿಕೊಂಡ ಅಸ್ಪೃಶ್ಯನನ್ನು ಬರೆದರು, ದೇವದಾಸಿಯರನ್ನು ಬರೆದರು. ಅಲ್ಲಿ ಜಾತಿ ಅಲಂಕಾರವಲ್ಲ, ಆರೋಪ.

ಮುಂದಿನ ಪ್ರದರ್ಶನಕ್ಕೆ ವಿಷಯ ನಾವು ಕೊಡ್ತೀವಿ: 'ಈ ಗೋಡೆ ಕಟ್ಟಿದವರು'. ಟಿಪ್ಪಣಿ ಕನ್ನಡದಲ್ಲಿರಲಿ. ಗಾರೆ ಕಲಸಿದವಳು, ಚಿತ್ರ ತೂಗಲು ಮೊಳೆ ಹೊಡೆದವನು ಉದ್ಘಾಟನೆಗೆ ಮುಂಬಾಗಿಲಿಂದಲೇ ಬರಲಿ. ಅವರ ಹೆಸರೂ ಗೋಡೆ ಮೇಲಿರಲಿ.

ಕೊಡೋದಿಲ್ಲ ಅಂತೀರಾ? ಗೆಳೆಯರೇ, ಮೇಷ್ಟ್ರೇ, ಕೇರಿಯ ಶಾಲೆಗೂ ಗೋಡೆ ಇದೆ. ಮಕ್ಕಳ ಕೈಗೆ ಇದ್ದಿಲು ಕೊಡಿ. ಅಲ್ಲಿಂದಲೇ ಶುರು ಮಾಡೋಣ.