ಫೋಟೊ ಚೆಂದವಿರಲಿ, ಸುಳ್ಳಾಗದಿರಲಿ

ನಿಸರ್ಗದ ಫೋಟೊ ತೆಗೆಯಲು ಕಲಿಯಬೇಕು ಎಂದುಕೊಂಡ ಯಾರನ್ನೇ ಕೇಳಿ ನೋಡಿ. ಅವರ ಮೊದಲ ಪ್ರಶ್ನೆ, "ಯಾವ ಕ್ಯಾಮೆರಾ ಒಳ್ಳೆಯದು?" ಎರಡನೆಯದು, "ಎಡಿಟಿಂಗ್‌ಗೆ ಯಾವ ಆ್ಯಪ್?" ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಅವಕ್ಕಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಇದೆ: "ನಾನು ನೋಡುತ್ತಿರುವುದು ಏನು?" ಇದನ್ನು ಬಿಟ್ಟು ನೇರವಾಗಿ ಆ್ಯಪ್‌ಗೆ ಹಾರುವುದರಿಂದಲೇ ನಮ್ಮ ಸ್ಟೇಟಸ್‌ಗಳ ತುಂಬ ಸೂರ್ಯಾಸ್ತಗಳೆಲ್ಲ ಕಿತ್ತಳೆ ಶರಬತ್ತಿನಂತೆಯೂ, ಎಲೆಗಳೆಲ್ಲ ಪೇಂಟ್ ಬಳಿದಂತೆಯೂ ಕಾಣುತ್ತಿವೆ ಎಂಬುದು ನನ್ನ ಅಭಿಪ್ರಾಯ.

ಸಲೀಂ ಅಲಿಯವರ ಹೆಸರು ನಮಗೆಲ್ಲ ಗೊತ್ತು. ಬಾಲ್ಯದಲ್ಲಿ ಮುಂಬೈಯಲ್ಲಿ ಅವರು ಏರ್‌ಗನ್ನಿನಿಂದ ಹೊಡೆದ ಒಂದು ಗುಬ್ಬಿಯ ಗಂಟಲಲ್ಲಿ ಹಳದಿ ಮಚ್ಚೆ ಇತ್ತು. ಇದು ಯಾವ ಹಕ್ಕಿ ಎಂದು ತಿಳಿಯಲು ಅದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕೊಂಡೊಯ್ದರು. ಆ ಕುತೂಹಲ ಮುಂದೆ 1941ರಲ್ಲಿ ಭಾರತದ ಹಕ್ಕಿಗಳ ಕುರಿತ ಅವರ ಪ್ರಸಿದ್ಧ ಪುಸ್ತಕದವರೆಗೆ ಬೆಳೆಯಿತು. ನಮ್ಮಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಫೋಟೊ ತೆಗೆದರು. ಅದು ರೀಲಿನ ಕಾಲ. ಒಂದು ರೀಲಿಗೆ 36 ಫೋಟೊ. ಒತ್ತುವ ಮೊದಲು ಯೋಚಿಸಲೇಬೇಕಿತ್ತು. ಇವತ್ತು ನಾವು ಒಂದೇ ಸಂಜೆ ಇನ್ನೂರು ಫೋಟೊ ತೆಗೆದು, ಅದರಲ್ಲಿ ಯಾವುದನ್ನೂ ಎರಡನೇ ಸಲ ನೋಡುವುದಿಲ್ಲ.

ಕ್ಯಾಮೆರಾ ಇಲ್ಲ ಎಂಬ ಚಿಂತೆ ಬೇಡ. ಮನೆಯಲ್ಲಿರುವ ಮೊಬೈಲ್ ಸಾಕು, ಅದಕ್ಕೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂದು ತಿಳಿದಿದ್ದರೆ. ತೆಂಗಿನ ತುದಿಯಲ್ಲಿ ಕೂತ ಗರುಡ ಮೊಬೈಲ್‌ಗೆ ಎಟುಕುವುದಿಲ್ಲ. ಬೆರಳಿನಿಂದ ಹಿಗ್ಗಿಸಿ ಝೂಮ್ ಮಾಡಿದರೆ ಹಕ್ಕಿ ಹತ್ತಿರ ಬರುವುದಿಲ್ಲ, ಚಿತ್ರ ಕತ್ತರಿಸಿ ದೊಡ್ಡದಾಗುತ್ತದೆ ಅಷ್ಟೆ. ಆದರೆ ಚಿಟ್ಟೆ, ಜೇಡ, ಕೆಂಪಿರುವೆಯ ಗೂಡು, ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಏಳುವ ಅಣಬೆ, ಕೆಸುವಿನೆಲೆಯ ಮೇಲಿನ ನೀರ ಹನಿ ಇವೆಲ್ಲ ಮೊಬೈಲ್‌ಗೆ ಚೆನ್ನಾಗಿ ಸಿಗುತ್ತವೆ. ಇವಕ್ಕಾಗಿ ಕಾಡಿಗೆ ಹೋಗಬೇಕಾಗಿಯೂ ಇಲ್ಲ. ಒಂಟಿಯಾಗಿ ದೂರ ಹೋಗಲು ಮನೆಯಲ್ಲಿ ಒಪ್ಪುವುದಿಲ್ಲ ಎನ್ನುವ ನಮ್ಮ ಸಹಪಾಠಿನಿಯರಿಗೆ ಅಂಗಳ ಮತ್ತು ಬಾವಿಕಟ್ಟೆಯೇ ಸಾಕಷ್ಟು ದೊಡ್ಡ ಕಾಡು.

ಇನ್ನು ಬೆಳಕು. ಮಧ್ಯಾಹ್ನದ ಬಿಸಿಲು ನೇರ ಮೇಲಿಂದ ಬಿದ್ದು ನೆರಳನ್ನು ಕಪ್ಪಾಗಿಸುತ್ತದೆ. ಸೂರ್ಯ ಏರಿದ ಮೊದಲ ಒಂದು ಗಂಟೆಯ ಬೆಳಕು ಓರೆಯಾಗಿ, ಮೆದುವಾಗಿ ಬರುತ್ತದೆ. ಆ ಹೊತ್ತಿಗೆ ಗಾಳಿಯೂ ಕಡಿಮೆ, ಚಿಟ್ಟೆಗಳಿಗೂ ಇನ್ನೂ ಮೈ ಬಿಸಿಯೇರದೆ ಸುಮ್ಮನೆ ಕೂತಿರುತ್ತವೆ. ಸುಬ್‌ಹಿ ನಮಾಝ್ ಮುಗಿಸಿ ಮತ್ತೆ ಹೊದಿಕೆ ಎಳೆದುಕೊಳ್ಳುವ ಗೆಳೆಯರು ಗಮನಿಸಿ: ಬೇರೆ ಊರುಗಳಲ್ಲಿ ಫೋಟೊಗ್ರಾಫರ್‌ಗಳು ಅಲಾರಂ ಇಟ್ಟು ಏಳುವುದೇ ಈ ಬೆಳಕಿಗಾಗಿ.

ಬೆಳ್ಳಕ್ಕಿಯ ಫೋಟೊ ತೆಗೆದರೆ ಅದು ಬಿಳಿ ಬಟ್ಟೆಯ ತುಂಡಿನಂತೆ ಬರುತ್ತದೆ, ಗರಿಯೇ ಕಾಣುವುದಿಲ್ಲ. ಏಕೆ? ಕ್ಯಾಮೆರಾ ಇಡೀ ದೃಶ್ಯವನ್ನು ನಡುಮಟ್ಟದ ಬೆಳಕಿಗೆ ತರಲು ನೋಡುತ್ತದೆ. ಸುತ್ತ ಕಪ್ಪು ಗದ್ದೆ ಇದ್ದರೆ ಬೆಳಕು ಹೆಚ್ಚಿಸುತ್ತದೆ, ಹಕ್ಕಿಯ ಬಿಳಿ ಸುಟ್ಟುಹೋಗುತ್ತದೆ. ಬಿಳುಚಿ ಹೋದ ಭಾಗದಲ್ಲಿ ಮಾಹಿತಿಯೇ ಇರುವುದಿಲ್ಲ, ಯಾವ ಎಡಿಟಿಂಗ್ ಕೂಡ ಅದನ್ನು ಮರಳಿ ತರಲಾರದು. ಪರಿಹಾರ ಸುಲಭ: ಪರದೆಯ ಮೇಲೆ ಹಕ್ಕಿಯನ್ನು ಮುಟ್ಟಿ, ಬೆಳಕಿನ ಗುರುತನ್ನು ಕೊಂಚ ಕೆಳಗೆ ಎಳೆಯಿರಿ. ಈ ಒಂದು ಅಭ್ಯಾಸ ಹತ್ತು ಫಿಲ್ಟರ್‌ಗಳಿಗೆ ಸಮ.

ಹಾಗಾದರೆ ಎಡಿಟಿಂಗ್ ಬೇಡವೇ? ಬೇಕು. ಓರೆಯಾದ ಹೊಳೆಯ ದಡವನ್ನು ನೇರ ಮಾಡುವುದು, ಬೇಡದ ಅಂಚನ್ನು ಕತ್ತರಿಸುವುದು, ಕತ್ತಲಾದ ಭಾಗಕ್ಕೆ ತುಸು ಬೆಳಕು ಕೊಡುವುದು, ಹಳದಿಗಟ್ಟಿದ ಬಣ್ಣವನ್ನು ಕಣ್ಣು ಕಂಡ ಬಣ್ಣಕ್ಕೆ ತರುವುದು, ಇವು ಕಲಿಯಲೇಬೇಕಾದ ಕೆಲಸಗಳು. ಸ್ನ್ಯಾಪ್‌ಸೀಡ್‌ನಂಥ ಉಚಿತ ಆ್ಯಪ್‌ನಲ್ಲೇ ಇಷ್ಟೂ ಸಾಧ್ಯ. ಮೂಲ ಫೋಟೊವನ್ನು ಮಾತ್ರ ಅಳಿಸಬೇಡಿ. ಗೆಳೆಯರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಅದು ಚಿತ್ರವನ್ನು ಕುಗ್ಗಿಸಿ ವಿವರ ತಿಂದುಹಾಕುತ್ತದೆ.

ನನ್ನ ತಕರಾರು ಇರುವುದು ಇದರಾಚೆಯ ಕೆಲಸಕ್ಕೆ. ಇಲ್ಲದ ಮೋಡವನ್ನು ತಂದು ಅಂಟಿಸುವುದು, ಇದ್ದ ವಿದ್ಯುತ್ ತಂತಿಯನ್ನು ಅಳಿಸುವುದು, ಈಗಂತೂ ಎಐಗೆ ಹೇಳಿ ಹಕ್ಕಿಯನ್ನೇ ಹುಟ್ಟಿಸುವುದು. ನಿಸರ್ಗದ ಫೋಟೊ ಒಂದು ಸಾಕ್ಷಿ. ಇಂಥ ಜೀವಿ, ಇಂಥ ಜಾಗದಲ್ಲಿ, ಇಂಥ ದಿನ ಇತ್ತು ಎಂದು ಅದು ಹೇಳುತ್ತದೆ. ಒಂದು ಸಣ್ಣ ಉದಾಹರಣೆ ನೋಡಿ. ನಮ್ಮ ಆಸುಪಾಸಿನಲ್ಲೆಲ್ಲ ಕಾಣುವ ಮಡಿವಾಳ ಹಕ್ಕಿಯಲ್ಲಿ ಗಂಡು ಹೊಳೆಯುವ ಕಪ್ಪು, ಹೆಣ್ಣು ಬೂದು. ಹೆಣ್ಣಿನ ಫೋಟೊದಲ್ಲಿ ಕಾಂಟ್ರಾಸ್ಟ್ ಜೋರಾಗಿ ಏರಿಸಿದರೆ ಅದು ಗಂಡಿನಂತೆ ಕಾಣುತ್ತದೆ. ಚಿತ್ರ ಹೆಚ್ಚು ಲೈಕ್ ಪಡೆಯಬಹುದು. ಆದರೆ ಅದು ಹೇಳುತ್ತಿರುವುದು ಸುಳ್ಳು.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಜಗತ್ಪ್ರಸಿದ್ಧ ವನ್ಯಜೀವಿ ಫೋಟೊ ಸ್ಪರ್ಧೆಯಲ್ಲಿ 2017ರಲ್ಲಿ ಬಹುಮಾನ ಪಡೆದ ಒಂದು ಚಿತ್ರವಿತ್ತು. ಬ್ರೆಜಿಲ್‌ನ ರಾತ್ರಿ, ಮಿನುಗುವ ಹುತ್ತ, ಅದರ ಬಳಿ ಒಂದು ಇರುವೆಭಕ್ಷಕ. ಮರುವರ್ಷ ಅದನ್ನು ಅನರ್ಹಗೊಳಿಸಲಾಯಿತು. ಚಿತ್ರದಲ್ಲಿದ್ದುದು ಸತ್ತ ಪ್ರಾಣಿಯ ಹುಲ್ಲು ತುಂಬಿದ ದೇಹ ಎಂದು ತಜ್ಞರು ತೀರ್ಮಾನಿಸಿದ್ದರು. ತೆಗೆದವರು ಅದನ್ನು ಅಲ್ಲಗಳೆದರು. ಬಹುಮಾನ ಮಾತ್ರ ಉಳಿಯಲಿಲ್ಲ. ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು ಒಪ್ಪಿಕೊಂಡ ನಿಸರ್ಗ ವಿಭಾಗದ ನಿಯಮದಲ್ಲೂ ಚಿತ್ರಕ್ಕೆ ಏನನ್ನೂ ಸೇರಿಸುವಂತಿಲ್ಲ, ಕ್ರಾಪ್ ಮಾಡುವುದನ್ನು ಬಿಟ್ಟರೆ ಏನನ್ನೂ ತೆಗೆಯುವಂತಿಲ್ಲ.

"ಇದು ಕಲೆ, ಕಲೆಗೆ ಸ್ವಾತಂತ್ರ್ಯ ಬೇಡವೇ?" ಎನ್ನುವವರಿದ್ದಾರೆ. ಖಂಡಿತ ಬೇಕು. ಎರಡು ಚಂದ್ರರನ್ನು ಬೇಕಾದರೂ ಕೂರಿಸಿ, ಕೆಳಗೆ "ಇದು ಕಲ್ಪನೆ" ಎಂದು ಬರೆಯಿರಿ. ಇನ್ನು ಕೆಲವರು, "ನಾವು ಪಿಯುಸಿ ಹುಡುಗರು, ಇಷ್ಟು ಕಟ್ಟುನಿಟ್ಟು ಯಾಕೆ?" ಎನ್ನುತ್ತಾರೆ. ಲ್ಯಾಬ್‌ನಲ್ಲಿ ಉತ್ತರ ಸರಿ ಬರಲೆಂದು ರೀಡಿಂಗ್ ತಿದ್ದಿ ರೆಕಾರ್ಡ್ ಬರೆಯುವುದಕ್ಕೂ ಇದಕ್ಕೂ ವ್ಯತ್ಯಾಸವೇನು? ಎರಡರಲ್ಲೂ ಅಂಕ ಸಿಗಬಹುದು, ಕಲಿಕೆ ಸಿಗುವುದಿಲ್ಲ.

ಇನ್ನೊಂದು ಮಾತು ಹೇಳದೆ ಮುಗಿಸಲಾರೆ. ಸೂರಕ್ಕಿ ನಮ್ಮ ಮನೆಗಳ ಹತ್ತಿರವೇ, ಕೈಗೆಟುಕುವ ಎತ್ತರದಲ್ಲಿ ಗೂಡು ನೇತುಹಾಕುತ್ತದೆ. ಫೋಟೊಗಾಗಿ ಅಡ್ಡವಿರುವ ಎಲೆಯನ್ನು ಕಿತ್ತರೆ ಮರಿಗಳಿಗೆ ನೇರ ಬಿಸಿಲು ಬಡಿಯುತ್ತದೆ, ಕಾಗೆಗೆ ದಾರಿ ತೋರಿಸಿದಂತಾಗುತ್ತದೆ. ನಾವು ಪಕ್ಕದಲ್ಲೇ ನಿಂತಷ್ಟು ಹೊತ್ತು ತಾಯಿ ಆಹಾರ ತರಲು ಹೆದರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನೂ ಬೇಟೆಯ ವ್ಯಾಖ್ಯಾನದೊಳಗೆ ಸೇರಿಸಿದೆ. ಕೈಯಲ್ಲಿ ಕೋವಿಯ ಬದಲು ಮೊಬೈಲ್ ಇದ್ದ ಮಾತ್ರಕ್ಕೆ ನಾವು ಬೇಟೆಗಾರರಲ್ಲ ಎಂದು ಹೇಳಲಾಗದು.

ಆದ್ದರಿಂದ ನಮ್ಮ ಕಾಲೇಜಿನ ಮುಂದಿನ ಫೋಟೊ ಪ್ರದರ್ಶನಕ್ಕೆ ಮೂರು ನಿಯಮ ಇರಲಿ ಎಂದು ಉಪನ್ಯಾಸಕರಲ್ಲಿ ನನ್ನ ವಿನಂತಿ. ಪ್ರತಿ ಚಿತ್ರದ ಜೊತೆ ತಿದ್ದದ ಮೂಲ ಫೈಲ್ ಕೊಡಬೇಕು. ಜೀವಿಯ ಹೆಸರು, ಜಾಗ, ದಿನಾಂಕ ಬರೆಯಬೇಕು. ಗೂಡಿನ ಚಿತ್ರಗಳನ್ನು ಸ್ವೀಕರಿಸಬಾರದು. ಕ್ಯಾಂಪಸ್‌ನಲ್ಲಿ ಮೊಬೈಲ್ ತರುವಂತಿಲ್ಲ ಎಂಬುದು ಗೊತ್ತು, ಆ ನಿಯಮಕ್ಕೆ ಕಾರಣವೂ ಇದೆ. ಆದರೆ ಪ್ರತಿ ಫೆಬ್ರವರಿಯಲ್ಲಿ ದೇಶದ ಅನೇಕ ಕಾಲೇಜುಗಳು ಕ್ಯಾಂಪಸ್ ಬರ್ಡ್ ಕೌಂಟ್‌ನಲ್ಲಿ ತಮ್ಮ ಆವರಣದ ಹಕ್ಕಿಗಳನ್ನು ಎಣಿಸುತ್ತವೆ. ಆ ಒಂದು ಬೆಳಿಗ್ಗೆ, ಜೀವಶಾಸ್ತ್ರ ವಿಭಾಗದವರ ಮೇಲ್ವಿಚಾರಣೆಯಲ್ಲಿ, ನಮಗೂ ಅನುಮತಿ ಸಿಗಲಿ. ವಿಜ್ಞಾನ, ವಾಣಿಜ್ಯ, ಕಲಾ ವಿಭಾಗ ಎಂಬ ಭೇದವಿಲ್ಲದೆ ಎಲ್ಲರೂ ಬರೋಣ. ನಮ್ಮ ಕಾಲೇಜಿನಲ್ಲಿ ಎಷ್ಟು ವಿದ್ಯಾರ್ಥಿಗಳಿದ್ದಾರೆಂದು ಆಫೀಸಿನಲ್ಲಿ ಕೇಳಿದರೆ ಕೂಡಲೇ ಹೇಳುತ್ತಾರೆ. ಎಷ್ಟು ಬಗೆಯ ಹಕ್ಕಿಗಳಿವೆ ಎಂದು ಕೇಳಿದರೆ ಉತ್ತರಿಸಲು ನಮ್ಮ ಬಳಿ ಒಂದು ಪಟ್ಟಿಯಾದರೂ ಇರಲಿ.