ಅಯಾನುಗೋಳವೆಂಬ ನಿಂತ ಕನ್ನಡಿ: ಒಂದು ತಕರಾರು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ವಿಜ್ಞಾನ ಶಿಕ್ಷಕರಾದವರು ಕೆಲವರಿದ್ದಾರೆ. ಅವರಲ್ಲಿ ಕನಕಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿರುವ ಶಿಷ್ಯರೊಬ್ಬರು ಹೋದ ತಿಂಗಳು ದೂರವಾಣಿ ಮಾಡಿ, "ಸಾರ್, ಮದುವೆ ಮನೆಯಲ್ಲಿ ನೀವು ಹೇಳಿದ ಆ ಅಯಾನುಗೋಳದ ವಿಚಾರ ಸರಿಯೇ ಇರಬಹುದು. ಆದರೆ ತರಗತಿಯಲ್ಲಿ ಹೇಳಿದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಆವೃತ್ತಿ ಬದಲಾಗುವುದಿಲ್ಲ ಎಂದೇ ಬರೆಸುತ್ತೇನೆ. ಅಂಕ ಮುಖ್ಯವಲ್ಲವೇ?" ಎಂದರು. ನಾನು ಆ ಹೊತ್ತಿಗೆ ಏನೂ ಹೇಳಲಿಲ್ಲ. ಹೇಳುವ ನೈತಿಕ ಬಲ ನನಗೆ ಇರಲಿಲ್ಲವೆಂಬುದೇ ಕಾರಣ. ಆ ವಾಕ್ಯವನ್ನು ಅವರಿಗೆ ಬರೆಸಿದವನು ನಾನೇ.

ಆ ವಾಕ್ಯ ನಿಮಗೆಲ್ಲ ನೆನಪಿರುತ್ತದೆ: "ಅಲೆಯ ಆವೃತ್ತಿಯು ಆಕರವನ್ನು ಅವಲಂಬಿಸಿರುತ್ತದೆ, ಮಾಧ್ಯಮವನ್ನಲ್ಲ. ಆದುದರಿಂದ ಪ್ರತಿಫಲನದಲ್ಲಾಗಲೀ ವಕ್ರೀಭವನದಲ್ಲಾಗಲೀ ಆವೃತ್ತಿ ಬದಲಾಗುವುದಿಲ್ಲ." ಅದರ ಪಕ್ಕದಲ್ಲೇ ಕಪ್ಪುಹಲಗೆಯ ಮೇಲೆ ಒಂದು ಚಿತ್ರ. ಕೆಳಗೆ ಭೂಮಿ, ಮೇಲೆ ಸ್ಕೇಲಿಟ್ಟು ಎಳೆದ ಒಂದು ನೇರ ಗೆರೆ, ಅದಕ್ಕೆ "ಅಯಾನುಗೋಳ" ಎಂಬ ಹೆಸರು, ಬಾಣದಂತೆ ಹೋಗಿ ಬಡಿದು ಹಿಂದಿರುಗುವ ರೇಡಿಯೋ ತರಂಗ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದೇ ಚಿತ್ರ ಬಿಡಿಸಿದೆ. ಆ ಗೆರೆ ನೇರವಲ್ಲ ಎನ್ನುವುದು ದೊಡ್ಡ ತಪ್ಪಲ್ಲ. ಅದು ನಿಂತಿದೆ ಎಂದು ತೋರಿಸಿದ್ದೇ ತಪ್ಪು.

1993ರ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಇದೇ ಪ್ರಶ್ನೆ ಕೇಳಿದ್ದೆ. ಚನ್ನಪಟ್ಟಣದ ಬೊಂಬೆ ಕೆಲಸದವರ ಮನೆಯ ಹುಡುಗನೊಬ್ಬ ಹೀಗೆ ಬರೆದಿದ್ದ: ಸಂಜೆ ಸ್ವಲ್ಪ ಕಡಿಮೆಯಾಗುತ್ತದೆ, ಬೆಳಿಗ್ಗೆ ಸ್ವಲ್ಪ ಹೆಚ್ಚಾಗುತ್ತದೆ, ನಾನು ಕೇಳಿದ್ದೇನೆ. ನಾನು ಕೆಂಪು ಮಸಿಯಲ್ಲಿ ಸೊನ್ನೆ ಸುತ್ತಿದೆ. ಅಷ್ಟು ಸಾಲದೆಂಬಂತೆ ಇಡೀ ತರಗತಿಗೆ ಅದನ್ನು ಓದಿ ಹೇಳಿದೆ. ಮಕ್ಕಳು ನಕ್ಕರು. ಆ ಹುಡುಗ ಎದ್ದು ನಿಂತು, ಬೆಂಗಳೂರಿನಲ್ಲಿರುವ ತನ್ನ ಸೋದರಮಾವ ಹ್ಯಾಮ್ ಎಂದೂ, ರಜೆಯಲ್ಲಿ ಅವರ ಮನೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದೆನೆಂದೂ ಹೇಳಿದ. "ನಿನ್ನ ಮಾವನ ಯಂತ್ರ ಕೆಟ್ಟಿರಬೇಕು, ಕೂತ್ಕೋ" ಎಂದೆ.

ಅವನು ಕೇಳಿದ್ದು ಏನೆಂಬುದನ್ನು ವಿವರಿಸಬೇಕು. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವು ಆಗ ಎಟಿಎ ಎಂಬ ಹೆಸರಿನಲ್ಲಿ 10 ಮೆಗಾಹರ್ಟ್ಸ್‌ನಲ್ಲಿ ಸಮಯ ಸಂಕೇತ ಬಿತ್ತರಿಸುತ್ತಿತ್ತು. (ಆ ಸೇವೆ ಈಗಿಲ್ಲ.) ಆಕರದ ಆವೃತ್ತಿ ಪರಮಾಣು ಗಡಿಯಾರದ ಆಣತಿಯಲ್ಲಿತ್ತು, ಅದು ತಪ್ಪುವಂತಿರಲಿಲ್ಲ. ಮಾವ ತನ್ನ ಮೇಜಿನ ಮೇಲೊಂದು ಸ್ಫಟಿಕದ ಆಂದೋಲಕ ಇಟ್ಟು, ಅದರ ಆವೃತ್ತಿಯನ್ನು ಬೇಕೆಂದೇ ಕೆಲವು ಹರ್ಟ್ಸ್ ಕೆಳಗೆ ನಿಲ್ಲಿಸಿ, ದೆಹಲಿಯಿಂದ ಬಂದ ಅಲೆಯೊಡನೆ ಬೆರೆಸಿದ್ದರು. ತಂಬೂರಿಯ ಎರಡು ತಂತಿಗಳು ಇನ್ನೇನು ಶ್ರುತಿ ಸೇರಬೇಕು ಎನ್ನುವಾಗ ಧ್ವನಿ ಏರಿ ಇಳಿದು ಏರಿ ಇಳಿಯುತ್ತದಲ್ಲ, ಪಠ್ಯದಲ್ಲಿ ನಾವು ವಿಸ್ಪಂದ ಎನ್ನುತ್ತೇವೆ, ಅದೇ ಇಲ್ಲಿಯೂ. ಸೆಕೆಂಡಿಗೆ ಎಷ್ಟು ವಿಸ್ಪಂದವೆಂದು ಎಣಿಸಿದರೆ ಎರಡು ಆವೃತ್ತಿಗಳ ವ್ಯತ್ಯಾಸ ಸಿಗುತ್ತದೆ. ಸಂಜೆಯಾಗುತ್ತಿದ್ದಂತೆ ವಿಸ್ಪಂದ ನಿಧಾನವಾಯಿತು. ಅಂದರೆ ದೆಹಲಿಯ ಅಲೆ ಕೆಳಗಿಳಿಯಿತು. ಹದಿನೈದರ ಹುಡುಗ ಅದನ್ನು ಬೆರಳು ಮಡಚಿ ಎಣಿಸಿದ್ದ. ನಾನು ಅದುವರೆಗೆ ಏನನ್ನೂ ಎಣಿಸಿರಲಿಲ್ಲ.

ಕಾರಣವನ್ನು ನಮ್ಮ ರಾಮದೇವರಬೆಟ್ಟದ ಬಂಡೆಯೇ ಹೇಳಿಕೊಡುತ್ತದೆ. ಅದರೆದುರು ನಿಂತು ಕೂಗಿ. ಪ್ರತಿಧ್ವನಿ ಅದೇ ಸ್ವರದಲ್ಲಿ ಬರುತ್ತದೆ. ಈಗ ಆ ಬಂಡೆ ನಿಮ್ಮ ಕಡೆಗೆ ನಡೆದು ಬರುತ್ತಿದೆಯೆಂದು ಭಾವಿಸಿ. ಪ್ರತಿಯೊಂದು ಅಲೆಯೂ ಹಿಂದಿನದಕ್ಕಿಂತ ಕಡಿಮೆ ದಾರಿ ಸವೆಸಿ, ಬೇಗನೆ ತಲುಪುತ್ತದೆ, ಸ್ವರ ಏರುತ್ತದೆ. ಬಂಡೆ ಹಿಂದಕ್ಕೆ ಸರಿದರೆ ಇಳಿಯುತ್ತದೆ. ರೈಲಿನ ಶಿಳ್ಳೆಯ ಉದಾಹರಣೆಯಲ್ಲಿ ಡಾಪ್ಲರ್ ಪರಿಣಾಮವನ್ನು ನಾವೇ ಕಲಿಸಿದ್ದೆವು. ಮುಂದಿನ ಪಾಠದಲ್ಲಿ ಅದನ್ನು ಆಕಾಶಕ್ಕೆ ಅನ್ವಯಿಸಲು ಮರೆತೆವು.

ಅಯಾನುಗೋಳ ನಡೆಯುವ ಬಂಡೆ. ಭೂಮಿಯಿಂದ ಸುಮಾರು 200ರಿಂದ 400 ಕಿಲೋಮೀಟರ್ ಎತ್ತರದ ಎಫ್ ಪದರದಲ್ಲಿ ಸೂರ್ಯನ ಅತಿನೇರಳೆ ಕಿರಣಗಳು ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಬೆಳಿಗ್ಗೆ ಎಲೆಕ್ಟ್ರಾನುಗಳ ಸಾಂದ್ರತೆ ಬೆಳೆಯುತ್ತಿದ್ದಂತೆ ಅಲೆ ಬಾಗಿ ಹಿಂದಿರುಗುವ ಎತ್ತರ ಕೆಳಗಿಳಿಯುತ್ತದೆ, ದಾರಿ ಕಿರಿದಾಗುತ್ತದೆ, ಆವೃತ್ತಿ ಏರುತ್ತದೆ. ಸಂಜೆ ತಿರುಗುಮುರುಗು. ಲೆಕ್ಕವೂ ಸುಲಭ. 10 ಮೆಗಾಹರ್ಟ್ಸ್ ಅಲೆಯ ತರಂಗದೂರ 30 ಮೀಟರ್. ದಾರಿ ಸೆಕೆಂಡಿಗೆ 30 ಮೀಟರ್ ಕಡಿಮೆಯಾದರೆ ಸೆಕೆಂಡಿಗೆ ಒಂದು ಅಲೆ ಹೆಚ್ಚು ಬಂದು ಸೇರುತ್ತದೆ, ಅಂದರೆ ಒಂದು ಹರ್ಟ್ಸ್. ಏಳನೆಯ ತರಗತಿಯ ಮಗುವೂ ಮಾಡಬಲ್ಲ ಭಾಗಾಕಾರ.

ದೆಹಲಿಯೂ ರಾಮನಗರವೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಅಲ್ಲಿಂದ ಇಲ್ಲಿಗೆ ಒಂದೇ ಜಿಗಿತದಲ್ಲಿ ಬರುವ ಅಲೆ ಮೇಲೆ ಬಾಗುವುದು ಮಹಾರಾಷ್ಟ್ರದ ಅಕೋಲಾದ ಆಕಾಶದ ಆಸುಪಾಸಿನಲ್ಲಿ. ಅಲ್ಲಿ ಪದರವು ಸೆಕೆಂಡಿಗೆ 30 ಮೀಟರ್ ಮೇಲೇರಿದರೆ, ದಾರಿ ಓರೆಯಾಗಿರುವುದರಿಂದ, ಇಲ್ಲಿ ಸುಮಾರು ಮುಕ್ಕಾಲು ಹರ್ಟ್ಸಿಗಿಂತ ತುಸು ಕಡಿಮೆ ಇಳಿಕೆ ಕಾಣಬೇಕು. ಹುಡುಗ ಎಣಿಸಿದ್ದು ಇಂಥ ಪ್ರಮಾಣದ್ದು.

ನ್ಯಾಯವಾಗಿ ಒಂದು ಮಾತು ಒಪ್ಪಬೇಕು. ಆ ಕಾಲದ ಸ್ಫಟಿಕಗಳು ಕೋಣೆಯ ಬಿಸಿ ಏರಿಳಿದರೆ ತಾವೂ ಜಾರುತ್ತಿದ್ದವು. ಹತ್ತು ಲಕ್ಷದಲ್ಲಿ ಒಂದು ಪಾಲು ಜಾರಿದರೂ 10 ಮೆಗಾಹರ್ಟ್ಸ್‌ನಲ್ಲಿ ಅದು 10 ಹರ್ಟ್ಸ್. ಅಯಾನುಗೋಳದ ಪಾಲನ್ನು ನುಂಗಿ ನೀರು ಕುಡಿಯುವಷ್ಟು. ಆ ಸಂಜೆ ಹುಡುಗ ಕೇಳಿದ್ದು ಆಕಾಶವನ್ನೋ, ತಣ್ಣಗಾಗುತ್ತಿದ್ದ ಸ್ಫಟಿಕವನ್ನೋ ಎಂದು ನಾನು ಕೇಳಿದ್ದರೆ ಅದು ಮೇಷ್ಟರು ಕೇಳಬೇಕಾದ ಪ್ರಶ್ನೆಯೇ ಆಗುತ್ತಿತ್ತು. ನಾಲ್ಕು ಸಂಜೆ ಕೇಳು, ನಾಲ್ಕು ಬೆಳಿಗ್ಗೆ ಕೇಳು, ಕೋಣೆಯಲ್ಲಿ ಉಷ್ಣಮಾಪಕ ಇಡು ಎನ್ನಬಹುದಿತ್ತು. ನಾನು ಸೊನ್ನೆ ಕೊಟ್ಟದ್ದು ಸ್ಫಟಿಕದ ಮೇಲಿನ ಸಂದೇಹದಿಂದಲ್ಲ. ನೋಟ್ಸಿನಲ್ಲಿ ಹಾಗಿರಲಿಲ್ಲ, ಅಷ್ಟೆ.

ಈಗ ನನ್ನ ತಂಗಿಯ ಮಗನ ಆಕ್ಷೇಪಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ದೂರಸಂಪರ್ಕದ ಕೆಲಸ ಮಾಡುವವನು. "ಮಾವ, 10 ಮೆಗಾಹರ್ಟ್ಸ್ ಅಂದರೆ ಒಂದು ಕೋಟಿ. ಕೋಟಿಗೆ ಒಂದು ಹೆಚ್ಚು, ಒಂದು ಕಡಿಮೆ. ಇದಕ್ಕೆ ಇಷ್ಟು ಗಲಾಟೆಯೇ? ನಮ್ಮ ಕಾಲದಲ್ಲಿ ಈ ಹ್ಯಾಮ್‌ಗಳನ್ನು ಯಾರು ಕೇಳುತ್ತಾರೆ?" ಎನ್ನುತ್ತಾನೆ. ಮಾತಿನ ಸಂಪರ್ಕಕ್ಕೆ ಇದರಿಂದ ತೊಂದರೆಯಿಲ್ಲ, ನಿಜ. 2001ರ ಭುಜ್ ಭೂಕಂಪದಲ್ಲಿ, 2004ರ ಡಿಸೆಂಬರಿನ ಸುನಾಮಿಯಲ್ಲಿ ಅಂಡಮಾನಿನಿಂದ, ಹವ್ಯಾಸಿಗಳು ಸುದ್ದಿ ಮುಟ್ಟಿಸಿದಾಗ ಒಂದು ಹರ್ಟ್ಸ್ ಅತ್ತಿತ್ತ ಆದದ್ದನ್ನು ಯಾರೂ ಗಮನಿಸಿರಲಾರರು. ಆದರೆ ಇಂದು ಹವ್ಯಾಸಿಗಳು ಬಳಸುವ ಡಬ್ಲ್ಯೂಎಸ್‌ಪಿಆರ್ ಎಂಬ ವಿಧಾನದಲ್ಲಿ ನಾಲ್ಕು ಸ್ವರಗಳ ನಡುವಿನ ಅಂತರವೇ ಒಂದೂವರೆ ಹರ್ಟ್ಸಿಗಿಂತ ಕಡಿಮೆ. ಅದರ ಒಂದೊಂದು ಸಂದೇಶವೂ ಸುಮಾರು 110 ಸೆಕೆಂಡು ಹರಿಯುತ್ತದೆ. ಅಷ್ಟು ಹೊತ್ತಿನೊಳಗೆ ಆಕಾಶ ಒಂದು ಹರ್ಟ್ಸಿನಷ್ಟು ಅಲುಗಿದರೆ ಸ್ವರಗಳು ಒಂದರ ಮೇಲೊಂದು ಬೀಳುತ್ತವೆ.

ಇನ್ನೊಂದು, ಅವನು ಗಮನಿಸದ್ದು. ಇದೇ ಎಲೆಕ್ಟ್ರಾನುಗಳು ಜಿಪಿಎಸ್ ಸಂಕೇತವನ್ನೂ ತಡವಾಗಿಸುತ್ತವೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ ಗಗನ್ ವ್ಯವಸ್ಥೆಯ ಮುಖ್ಯ ಕೆಲಸಗಳಲ್ಲೊಂದು ಆ ತಪ್ಪನ್ನು ತಿದ್ದುವುದು. ಅದರ ನಿಯಂತ್ರಣ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ಗೂಗಲ್ ನಕ್ಷೆ ನೋಡಿಕೊಂಡು ನಮ್ಮ ಮನೆಗೆ ಬರುವ ಸೋದರಳಿಯ ಅಯಾನುಗೋಳ ಅಪ್ರಯೋಜಕವೆಂದರೆ ನಾನು ನಗದೆ ಇನ್ನೇನು ಮಾಡಲಿ?

ಹವ್ಯಾಸಿಗಳೆಂದರೆ ಕಾಲಹರಣದವರೆಂಬ ಭಾವನೆಯೂ ಸರಿಯಲ್ಲ. ಹ್ಯಾಮ್‌ಸೈ ಎಂಬ ಬಳಗವು ಅಮೆರಿಕದ ವಿಜ್ಞಾನಿಗಳನ್ನೂ ಹವ್ಯಾಸಿಗಳನ್ನೂ ಒಂದುಗೂಡಿಸಿ, 2020ರ ಜೂನ್ 21ರ ಕಂಕಣ ಗ್ರಹಣದಂದೂ, 2024ರ ಏಪ್ರಿಲ್ 8ರ ಖಗ್ರಾಸ ಗ್ರಹಣದಂದೂ ಸಮಯ ಸಂಕೇತ ಕೇಂದ್ರಗಳ ಆವೃತ್ತಿಯನ್ನು ಮನೆಮನೆಯಲ್ಲಿ ದಾಖಲಿಸಿತು. ಚಂದ್ರನ ನೆರಳು ಬಿದ್ದಾಗ ಎಲೆಕ್ಟ್ರಾನುಗಳು ಕಡಿಮೆಯಾಗಿ ಆವೃತ್ತಿ ಇಳಿಯುತ್ತದೆ, ನೆರಳು ಸರಿದಾಗ ಏರುತ್ತದೆ. ಒಂದು ಸಂಜೆ ಮತ್ತು ಒಂದು ಬೆಳಗು ಎರಡು ಮೂರು ಗಂಟೆಗಳಲ್ಲಿ ಮುಗಿದಂತೆ.

ನಾವೇನು ಮಾಡಿದೆವು? 1980ರ ಫೆಬ್ರವರಿ 16ರಂದು ಖಗ್ರಾಸ ಗ್ರಹಣ ನಮ್ಮದೇ ರಾಜ್ಯದ ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು. ಊರೂರುಗಳಲ್ಲಿ ಜನ ಬಾಗಿಲು ಹಾಕಿಕೊಂಡು ಕುಳಿತರು. 2019ರ ಡಿಸೆಂಬರ್ 26ರಂದು ಕಾಸರಗೋಡಿನ ಚೆರುವತ್ತೂರಿನಲ್ಲಿ ಜನ ಕಂಕಣ ನೋಡಲು ಸೇರಿದ್ದರೆ, ಸೂರ್ಯ ಬಹುಪಾಲು ಮುಚ್ಚಿದ್ದ ನಮ್ಮ ಬೀದಿಯಲ್ಲಿ ನಾನೂ ಒಂದು ನಾಯಿಯೂ ಮಾತ್ರ ಇದ್ದೆವು. ದರ್ಭೆ ಹಾಕಿದ ನೀರಿನ ಬಗ್ಗೆ ನಾನು ಜಗಳವಾಡುವುದಿಲ್ಲ, ಅದು ಅವರವರ ನಂಬಿಕೆ. ಆದರೆ ವಿಜ್ಞಾನದ ಮೇಷ್ಟರಾದ ನಾವೂ ಬಾಗಿಲು ಹಾಕಿಕೊಂಡಿದ್ದೆವಲ್ಲ!

ನಮ್ಮ ಸ್ಥಳದ ಭಾಗ್ಯ ನೋಡಿ. ಭೂಕಾಂತೀಯ ಸಮಭಾಜಕ ವೃತ್ತ ಭಾರತದ ದಕ್ಷಿಣ ತುದಿಯ ಸಮೀಪ ಹಾದುಹೋಗುತ್ತದೆ. 1963ರಲ್ಲಿ ಮೊದಲ ರಾಕೆಟ್ ಹಾರಿಸಲು ತುಂಬಾವನ್ನು ಆರಿಸಿದ್ದು ಆ ಕಾರಣಕ್ಕೇ. ನಾವು ಅದರಿಂದ ಹೆಚ್ಚು ದೂರವಿಲ್ಲ. ಈ ಪ್ರದೇಶದಲ್ಲಿ ಸೂರ್ಯಾಸ್ತದ ಹೊತ್ತಿಗೆ ಪೂರ್ವಾಭಿಮುಖವಾದ ವಿದ್ಯುತ್ ಕ್ಷೇತ್ರವು ಕೆಲಕಾಲ ಬಲಗೊಂಡು, ಅಡ್ಡಲಾಗಿ ಮಲಗಿರುವ ಕಾಂತಕ್ಷೇತ್ರದೊಡನೆ ಸೇರಿ, ಪದರವನ್ನೇ ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಮೇಲಕ್ಕೆತ್ತುತ್ತದೆ. ಮಾಗಡಿಯ ಹವ್ಯಾಸಿಯೊಬ್ಬ 7 ಮೆಗಾಹರ್ಟ್ಸ್‌ನಲ್ಲಿ ಮೈಸೂರಿನವನೊಡನೆ ಮಾತಾಡುವಾಗ ಅಲೆ ಬಹುತೇಕ ನೆತ್ತಿಯ ಮೇಲೆ ಹೋಗಿ ಬರುತ್ತದೆ. ಪದರ ಸೆಕೆಂಡಿಗೆ 40 ಮೀಟರ್ ಏರಿದರೆ ಆವೃತ್ತಿ ಸುಮಾರು ಎರಡು ಹರ್ಟ್ಸ್ ಇಳಿಯುತ್ತದೆ. ಸಾವನದುರ್ಗದ ಮೇಲೆ ದಿನವೂ ನಡೆಯುವ ಈ ಸಂಗತಿಯನ್ನು ನಮ್ಮ ಮಕ್ಕಳು ಕಾಣದೆ, ಅದು ನಡೆಯುವುದೇ ಇಲ್ಲವೆಂದು ಬರೆದು ಎರಡು ಅಂಕ ಪಡೆಯುತ್ತಾರೆ.

ಸೂರ್ಯನಲ್ಲಿ ಜ್ವಾಲೆ ಸಿಡಿದರಂತೂ ಎಂಟು ನಿಮಿಷದಲ್ಲಿ ಅದರ ಕಿರಣಗಳು ತಲುಪಿ, ಹಗಲಿನ ಅಯಾನುಗೋಳದಲ್ಲಿ ಎಲೆಕ್ಟ್ರಾನುಗಳು ಹಠಾತ್ತನೆ ಹೆಚ್ಚಿ, ಆವೃತ್ತಿ ಕೆಲವು ಹರ್ಟ್ಸ್ ಮೇಲಕ್ಕೆ ಚಿಮ್ಮಿ ಇಳಿಯುತ್ತದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ ಎಲ್-1 ನೌಕೆಯ ಎಕ್ಸ್-ಕಿರಣ ಉಪಕರಣಗಳು ದಾಖಲಿಸುವ ಅಂಥದೇ ಜ್ವಾಲೆಯ ಗುರುತನ್ನು ರಾಮನಗರದ ತಾರಸಿಯ ಮೇಲೊಂದು ತಂತಿ ಕಟ್ಟಿ ಹಿಡಿಯಬಹುದು.

ಖರ್ಚಿನ ನೆಪ ಬೇಡ. ಕಂಪ್ಯೂಟರಿಗೆ ಚುಚ್ಚುವ ಸಣ್ಣ ಎಸ್‌ಡಿಆರ್ ರಿಸೀವರ್, ಇಪ್ಪತ್ತು ಮೀಟರ್ ತಾಮ್ರದ ತಂತಿ, ಜಿಪಿಎಸ್‌ನಿಂದ ಹದ್ದುಬಸ್ತಿನಲ್ಲಿಡುವ ಒಂದು ಆಂದೋಲಕ. ಮೂರನೆಯದಿದ್ದರೆ ಸ್ಫಟಿಕ ಜಾರಿತೆಂಬ ನನ್ನ ಹಳೆಯ ನೆಪವೂ ಉಳಿಯುವುದಿಲ್ಲ. ಪ್ರಸಾರ ಮಾಡಲು ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು. ಇಲ್ಲಿ ನಾವು ಏನನ್ನೂ ಪ್ರಸಾರ ಮಾಡುವುದಿಲ್ಲ. ಎಟಿಎ ನಿಂತರೂ ಚೀನಾದ ಬಿಪಿಎಂ ಕೇಂದ್ರ 10 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಬೆಸುಗೆ ಹಾಕುವ ಸಾಮಾನು ಈಗಾಗಲೇ ಇದೆ. ಜಿಲ್ಲೆಯ ಹೆಸರು ಏನಾದರೂ ಆಗಲಿ, ನನಗೆ ಇದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕು; ತಾಲ್ಲೂಕಿಗೊಂದು ಶಾಲೆ ಸಾಕು.

ಕನಕಪುರದ ಶಿಷ್ಯರಿಗೆ ನನ್ನ ಉತ್ತರ ಇಷ್ಟೇ. ವಾಕ್ಯವನ್ನು ಹೊಡೆದುಹಾಕಬೇಡಿ. ಅದರ ಮುಂದೆ "ಮಾಧ್ಯಮವು ಸ್ಥಿರವಾಗಿದ್ದು, ಕಾಲದೊಡನೆ ಬದಲಾಗದಿದ್ದರೆ" ಎಂದು ಸೇರಿಸಿ ಬರೆಸಿ. ಗಾಜಿನ ಪಟ್ಟಕಕ್ಕೆ, ನೀರಿನ ಲೋಟಕ್ಕೆ ಅದು ಪೂರ್ತಿ ನಿಜ. ಪಬ್ಲಿಕ್ ಪರೀಕ್ಷೆಯಲ್ಲಿ ಯಾರೂ ಅಂಕ ಕಳೆಯಲಾರರು. ಷರತ್ತು ಬಿಟ್ಟು ಬರೆಸಿದರೆ, ಕಿವಿಯಾರೆ ಕೇಳಿದ ಮಗುವಿಗೆ ನಿನ್ನ ಕಿವಿ ಸುಳ್ಳು ಎಂದಂತೆ. ನಾನು ಹಾಗೆ ಹೇಳಿದ್ದೇನೆ. ಆ ಹುಡುಗ ಮುಂದೆ ವಿಜ್ಞಾನ ತೆಗೆದುಕೊಳ್ಳಲಿಲ್ಲವೆಂದು ಅವನ ಸಹಪಾಠಿಗಳಿಂದ ತಿಳಿಯಿತು. ನನ್ನಿಂದಲೇ ಎಂದು ಯಾರೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಇದನ್ನು ಓದುವವರಲ್ಲಿ ಅವನ ಸಂಪರ್ಕ ಇರುವವರು, ಮೇಷ್ಟರು ತಪ್ಪೊಪ್ಪಿಕೊಂಡಿದ್ದಾರೆಂದು ದಯವಿಟ್ಟು ತಿಳಿಸಿ.

2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಕಂಕಣ ಗ್ರಹಣ ಹಾದುಹೋಗಲಿದೆ. ನಮ್ಮಲ್ಲೂ ಸೂರ್ಯನ ಬಹುಭಾಗ ಮುಚ್ಚುತ್ತದೆ. ಬೇಸಿಗೆ ರಜೆಯ ಕಾಲ, ಪಾಠ ತಪ್ಪುವ ನೆಪವೂ ಇಲ್ಲ. ಅಷ್ಟರೊಳಗೆ ನಾಲ್ಕು ಶಾಲೆಯವರು ಸಿದ್ಧರಾಗಬೇಕಾದರೆ ಅಭ್ಯಾಸ ಈಗಿನಿಂದಲೇ ಬೇಕು. ನನ್ನ ತಾರಸಿಯ ಮೇಲೆ ತಂತಿ ಕಟ್ಟಿಯಾಗಿದೆ, ರಿಸೀವರ್ ಇದೆ. ಸಂಜೆ ಐದೂವರೆಯಿಂದ ಏಳೂವರೆಯವರೆಗೆ ನಾನು ಅಲ್ಲೇ ಇರುತ್ತೇನೆ. ಬರುವವರು ಒಂದು ನೋಟ್‌ಬುಕ್ಕನ್ನೂ, ಸಾಧ್ಯವಾದರೆ ಒಂದು ಉಷ್ಣಮಾಪಕವನ್ನೂ ತನ್ನಿ.